ಹವಳ ಮುದುಡಿದರೆ ಎಲ್ಲಿಂದ ನೋಡಬೇಕು: ಸಣ್ಣ ಉಪ್ಪುನೀರಿನ ಟ್ಯಾಂಕಿನ ದೋಷ ನಿವಾರಣೆ

ನಿನ್ನೆಯವರೆಗೂ ಚೆನ್ನಾಗಿ ಅರಳಿದ್ದ ಹವಳ ಇವತ್ತು ಮುದುಡಿಕೊಂಡಿದೆ. ಗಾಬರಿಯಾಗುವುದು ಸಹಜ. ಆ ಗಾಬರಿಯಲ್ಲಿ ಅಂಗಡಿಗೆ ಓಡಿ, ಅವರು ಕೊಟ್ಟ ಬಾಟಲಿ ತಂದು ನೀರಿಗೆ ಸುರಿದರೆ ಒಂದಿದ್ದ ತೊಂದರೆ ಎರಡಾಗುತ್ತದೆ. 40ರಿಂದ 100 ಲೀಟರಿನ ಟ್ಯಾಂಕುಗಳಲ್ಲಿ ನಾನು ಕಂಡ ಹೆಚ್ಚಿನ ತೊಂದರೆಗಳ ಬೇರು ಒಂದೇ: ನೀರು ಬೇಗ ಬದಲಾಗಿರುತ್ತದೆ. ಉಪ್ಪಿನಂಶ ಸಾವಿರಕ್ಕೆ 34 ಭಾಗ ಇದ್ದರೂ ಹವಳ ಬದುಕುತ್ತದೆ, 36 ಇದ್ದರೂ ಬದುಕುತ್ತದೆ. ಬೆಳಿಗ್ಗೆ 34 ಇದ್ದದ್ದು ರಾತ್ರಿ 37 ಆದರೆ ತಾಳಿಕೊಳ್ಳುವುದು ಕಷ್ಟ. ದೊಡ್ಡ ಟ್ಯಾಂಕಿನಲ್ಲಿ ಈ ಏರಿಳಿತ ನಿಧಾನ. ಸಣ್ಣದರಲ್ಲಿ ಒಂದೊಂದು ಮಗ್ ನೀರೂ ಲೆಕ್ಕಕ್ಕೆ ಬರುತ್ತದೆ.

ಹಾಗಾಗಿ ಅಳೆಯದೆ ಏನನ್ನೂ ಹಾಕಬೇಡಿ. ಅಳೆದ ಮೇಲೂ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುವುದೇ ಇಲ್ಲ.

ಹೋಲಿಸಿ ನೋಡಲು ಬೇಕಾದ ಅಂಕಿಗಳು:

- ಉಪ್ಪಿನಂಶ: ಸಾವಿರಕ್ಕೆ 35 ಭಾಗ (ಶುದ್ಧ ನೀರಿಗೆ ಹೋಲಿಸಿದ ಸಾಂದ್ರತೆ 25 ಡಿಗ್ರಿಯಲ್ಲಿ 1.025ರಿಂದ 1.026)
- ಉಷ್ಣತೆ: 24ರಿಂದ 27 ಡಿಗ್ರಿ ಸೆಲ್ಸಿಯಸ್
- ಆಲ್ಕಲಿನಿಟಿ (ನೀರಿನಲ್ಲಿರುವ ಕಾರ್ಬೋನೇಟಿನ ಅಳತೆ): 7.5ರಿಂದ 9.5 ಡಿಕೆಎಚ್ (ಅದರ ಮಾನ)
- ಕ್ಯಾಲ್ಸಿಯಂ: 400ರಿಂದ 450 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ)
- ಮೆಗ್ನೀಸಿಯಂ: 1250ರಿಂದ 1350 ಪಿಪಿಎಂ
- ಪಿಎಚ್: 7.8ರಿಂದ 8.4
- ನೈಟ್ರೇಟ್: 2ರಿಂದ 10 ಪಿಪಿಎಂ
- ಫಾಸ್ಫೇಟ್: 0.03ರಿಂದ 0.1 ಪಿಪಿಎಂ
- ಅಮೋನಿಯ: ಸೊನ್ನೆ

ಕೈ ಹಾಕುವ ಮೊದಲು

ಉಪ್ಪುನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ನೀರು ಮುಟ್ಟಿದಾಗ ಬೆರಳು ಜುಮ್ ಅಂದರೆ ತಕ್ಷಣ ಕೈ ತೆಗೆಯಿರಿ. ಟ್ಯಾಂಕಿನ ಪ್ಲಗ್ ಮುಟ್ಟಬೇಡಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಹೀಟರಿನ ಗಾಜು ಬಿರುಕು ಬಿಟ್ಟಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಆ ಹೀಟರನ್ನು ಮತ್ತೆ ಬಳಸಬೇಡಿ. ಟ್ಯಾಂಕಿನ ಲೈನಿಗೆ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಆರ್‌ಸಿಸಿಬಿ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ. ವೈರುಗಳು ಪ್ಲಗ್‌ಗಿಂತ ಕೆಳಗೆ ಒಮ್ಮೆ ಇಳಿದು ಮೇಲೆ ಬರುವ ಹಾಗಿರಲಿ. ಆಗ ವೈರಿನಗುಂಟ ಜಾರುವ ನೀರು ಪ್ಲಗ್ ತಲುಪುವ ಮೊದಲೇ ತೊಟ್ಟಿಕ್ಕುತ್ತದೆ.

ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಬೇಕೇ ಬೇಕು. ಅದರ ಇನ್ನೊಂದು ಕಾರಣ ಕೊನೆಯಲ್ಲಿ ಬರುತ್ತದೆ.

ಎಲ್ಲ ಹವಳಗಳೂ ಒಟ್ಟಿಗೆ ಮುದುಡಿವೆ

ಒಂದೇ ಒಂದು ಹವಳ ಮುದುಡಿ ಉಳಿದವು ಸರಿಯಿದ್ದರೆ ನೀರಿನ ಮೇಲೆ ಅನುಮಾನ ಬೇಡ. ಪಕ್ಕದ ಹವಳ ಕುಟುಕಿರಬಹುದು, ಏಡಿ ತುಳಿದಿರಬಹುದು, ಪಂಪಿನ ನೀರು ನೇರವಾಗಿ ಹೊಡೆಯುತ್ತಿರಬಹುದು. ಲೆದರ್ ಹವಳವಾದರೆ ಮೈಮೇಲೆ ಮೇಣದಂಥ ಪೊರೆ ಕಟ್ಟಿ, ಕೆಲವು ದಿನ ಮುದುಡಿದ್ದು, ಪೊರೆ ಕಳಚಿ ಮತ್ತೆ ಅರಳುತ್ತದೆ. ಅದು ರೋಗವಲ್ಲ, ಸುಮ್ನೆ ಬಿಟ್ಟುಬಿಡಿ.

ಎಲ್ಲವೂ ಒಟ್ಟಿಗೆ ಮುದುಡಿದ್ದರೆ ಮೊದಲು ನೋಡಬೇಕಾದದ್ದು ಉಪ್ಪು. ಇದಕ್ಕೆ ಖರ್ಚಿಲ್ಲ, ಐದು ನಿಮಿಷ ಸಾಕು. ನೀರು ಆವಿಯಾಗುವಾಗ ಬರೀ ನೀರು ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. 60 ಲೀಟರ್ ನೀರಿನಲ್ಲಿ 3 ಲೀಟರ್ ಆರಿದರೆ 35 ಇದ್ದ ಉಪ್ಪು 36.8 ಆಗುತ್ತದೆ. ಬೇಸಿಗೆಯಲ್ಲಿ ನೀರಿನ ಮೇಲೆ ಫ್ಯಾನ್ ಇಟ್ಟರೆ ಇಷ್ಟು ಆರಲು ಹೆಚ್ಚು ದಿನ ಬೇಕಿಲ್ಲ. ಆಮೇಲೆ ಒಂದೇ ಸಲ 3 ಲೀಟರ್ ಸಿಹಿನೀರು ಹುಯ್ದರೆ ಉಪ್ಪು ಧಡಕ್ಕನೆ ಇಳಿಯುತ್ತದೆ. ವಾರವಿಡೀ ಹೀಗೆ ಏರಿ ಇಳಿಯುವ ಟ್ಯಾಂಕಿನಲ್ಲಿ ಹವಳ ನೆಮ್ಮದಿಯಾಗಿ ಇರುವುದಿಲ್ಲ.

ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಸರಿಯಾಗಿ ಟೇಪಿನ ಚೂರು ಅಂಟಿಸಿ. ದಿನಾ ಬೆಳಿಗ್ಗೆ ಆ ಗೆರೆಗೆ ಬರುವಷ್ಟು ಶುದ್ಧ ಸಿಹಿನೀರು ನಿಧಾನವಾಗಿ ಸೇರಿಸಿ. ಆರಿದ ನೀರಿನ ಬದಲು ಉಪ್ಪುನೀರು ಸೇರಿಸಬೇಡಿ. ಹೊಸಬರಲ್ಲಿ ಇದು ಬಹಳ ಸಾಮಾನ್ಯ, ಉಪ್ಪು ಮೆಲ್ಲಗೆ ಮೇಲೇರಿ 40 ಮುಟ್ಟುವವರೆಗೂ ಗೊತ್ತಾಗುವುದಿಲ್ಲ.

ಅಂಕಿಯನ್ನು ನಂಬುವ ಮೊದಲು ಅಳತೆ ಸಾಧನವನ್ನೇ ಪರೀಕ್ಷೆ ಮಾಡಿ. ಮುಳ್ಳಿರುವ ಪ್ಲಾಸ್ಟಿಕ್ ಹೈಡ್ರೋಮೀಟರಿನಲ್ಲಿ ಮುಳ್ಳಿಗೆ ಸಣ್ಣ ಗುಳ್ಳೆ ಅಂಟಿದರೂ ಮುಳ್ಳು ಮೇಲೇರುತ್ತದೆ, ಉಪ್ಪು ಜಾಸ್ತಿ ಅಂತ ತೋರಿಸುತ್ತದೆ. ಕೀಲಿನಲ್ಲಿ ಉಪ್ಪು ಕಟ್ಟಿದ್ದರೆ ಮುಳ್ಳು ಸಲೀಸಾಗಿ ಆಡುವುದೇ ಇಲ್ಲ. ಬೆರಳಿನಿಂದ ತಟ್ಟಿ, ಗುಳ್ಳೆ ಬಿಡಿಸಿ, ಎರಡು ಸಲ ನೋಡಿ. ಬೆಳಕು ಬಾಗುವುದರಿಂದ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಗಾಜಿನ ಮೇಲೆ ಎರಡು ಮೂರು ಹನಿ ಹಾಕಿ, ಮುಚ್ಚಿ, ಅರ್ಧ ನಿಮಿಷ ಬಿಟ್ಟು ಬೆಳಕಿಗೆ ಹಿಡಿದು ನೋಡಿ. ಅದನ್ನು ಬರೀ ಸಿಹಿನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು, ಉಪ್ಪಿನಂಶ ಸರಿಯಾಗಿ 35 ಇರುವಂತೆ ತಯಾರಿಸಿದ ದ್ರಾವಣದಲ್ಲಿ ಹೊಂದಿಸಬೇಕು. ಆ ದ್ರಾವಣದ ಸಣ್ಣ ಬಾಟಲಿ ತಿಂಗಳುಗಟ್ಟಲೆ ಬರುತ್ತದೆ.

ಉಪ್ಪು ನಿಜವಾಗಿಯೂ ಜಾಸ್ತಿ ಇದ್ದರೆ ಸ್ವಲ್ಪ ಟ್ಯಾಂಕ್ ನೀರು ತೆಗೆದು ಅಷ್ಟೇ ಶುದ್ಧ ನೀರು ಹಾಕಿ. ಕಡಿಮೆ ಇದ್ದರೆ, ಆರಿದ ನೀರನ್ನು ತುಂಬುವಾಗ ಸಿಹಿನೀರಿನ ಬದಲು 35ರ ಉಪ್ಪುನೀರು ಹಾಕುತ್ತಾ ಬನ್ನಿ. ಎರಡರಲ್ಲೂ ದಿನಕ್ಕೆ ಸಾಂದ್ರತೆ 0.001ಕ್ಕಿಂತ ಹೆಚ್ಚು ಬದಲಾಗಬಾರದು. ಉಪ್ಪಿನ ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಯಾವತ್ತೂ ಸುರಿಯಬೇಡಿ. ಹವಳದ ಮೇಲೆ ಬಿದ್ದ ಕಡೆ ಸುಡುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಗಮನಿಸಿ. ತೇವಕ್ಕೆ ಉಪ್ಪಿನ ಚೀಲ ಗಟ್ಟಿ ಉಂಡೆ ಕಟ್ಟಿರುತ್ತದೆ. ಅಂಥ ಉಪ್ಪು ಪೂರ್ತಿ ಕರಗದಿದ್ದರೆ, ಕರಗಿದರೂ ನೀರು ತಿಳಿಯಾಗದಿದ್ದರೆ, ಆಲ್ಕಲಿನಿಟಿ ಅಳೆದು ನೋಡದೆ ಬಳಸಬೇಡಿ. ಕರಾವಳಿಯಲ್ಲಿ ಕೆಲವರು ನೇರವಾಗಿ ಸಮುದ್ರದ ನೀರನ್ನೇ ತರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಬೇಡ. ನೇತ್ರಾವತಿ, ಗುರುಪುರದಂಥ ಹೊಳೆಗಳು ಸಮುದ್ರ ಸೇರುವ ಕಡೆ ಉಪ್ಪು ಬಹಳ ಇಳಿದಿರುತ್ತದೆ, ಕೆಸರು ಬೇರೆ. ಉಳಿದ ತಿಂಗಳಲ್ಲೂ ಬಂದರು, ಬೋಟು ನಿಲ್ಲುವ ಜಾಗದ ನೀರು ಬೇಡ.

ಸೀಗಡಿ, ಬಸವನಹುಳು ಸಾಯುತ್ತಿವೆ, ಮೀನು ಚೆನ್ನಾಗಿದೆ

ಇದು ಬಹಳ ಖಚಿತವಾದ ಸುಳಿವು. ಮೀನಿಗೆ ಅಷ್ಟಾಗಿ ತಟ್ಟದ, ಬೆನ್ನೆಲುಬಿಲ್ಲದ ಜೀವಿಗಳನ್ನು ಮೊದಲು ಕೊಲ್ಲುವ ವಸ್ತು ನೀರಿಗೆ ಬಿದ್ದಿದೆ. ಮೊದಲ ಅನುಮಾನ ತಾಮ್ರದ ಮೇಲೆ.

ನಮ್ಮ ಮನೆಗಳಲ್ಲಿ ಇದರ ದಾರಿ ಅಡುಗೆಮನೆಯಿಂದಲೇ ಶುರುವಾಗುತ್ತದೆ. ಆರ್‌ಒ ನೀರು ಬಳಸಿ ಅಂತ ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಕುಡಿಯುವ ನೀರಿನ ಪ್ಯೂರಿಫೈಯರ್ ಬೇರೆ, ಟ್ಯಾಂಕಿಗೆ ಬೇಕಾದ ಶುದ್ಧ ನೀರು ಬೇರೆ. ಈಗ ಬರುವ ಎಷ್ಟೋ ಪ್ಯೂರಿಫೈಯರುಗಳು ಶುದ್ಧ ಮಾಡಿದ ನೀರಿಗೆ ಬೇಕಂತಲೇ ತಾಮ್ರ ಸೇರಿಸುತ್ತವೆ. ಕುಡಿಯುವವರಿಗೆ ತೊಂದರೆಯಿಲ್ಲ. ಸೀಗಡಿಗೆ, ಬಸವನಹುಳುವಿಗೆ, ಹವಳಕ್ಕೆ ಅದು ವಿಷ. ಆರಿದ ನೀರಿನ ಜಾಗಕ್ಕೆ ದಿನಾ ಇದನ್ನೇ ಹಾಕುತ್ತಾ ಹೋದರೆ ನೀರು ಆರುತ್ತದೆ, ತಾಮ್ರ ಉಳಿಯುತ್ತಾ ಹೋಗುತ್ತದೆ. ಪ್ಯೂರಿಫೈಯರಿನ ಮೈಮೇಲೆ, ಕೈಪಿಡಿಯಲ್ಲಿ ಕಾಪರ್ ಅಂತ ಬರೆದಿದೆಯೇ ನೋಡಿ. ತಾಮ್ರದ ಬಿಂದಿಗೆಯಲ್ಲಿ ಇಟ್ಟ ನೀರೂ ಬೇಡ. ಎಸಿಯಿಂದ ತೊಟ್ಟಿಕ್ಕುವ ನೀರು ಮಳೆನೀರಿನಷ್ಟು ಶುದ್ಧ ಅಂತ ಹಿಡಿದಿಡುವವರಿದ್ದಾರೆ. ಅದು ಲೋಹದ ಸುರುಳಿಗಳ ಮೇಲೆ ಹರಿದು ಬಂದದ್ದು, ಹವಳದ ಟ್ಯಾಂಕಿಗೆ ಆಗದು. ಮೀನಿನ ಬಿಳಿಚುಕ್ಕೆ ರೋಗಕ್ಕೆ ಕೊಡುವ ಔಷಧಿಗಳಲ್ಲೂ ತಾಮ್ರ ಇರುತ್ತದೆ. ಅವನ್ನು ಹವಳವಿರುವ ಟ್ಯಾಂಕಿಗೆ ಹಾಕಲೇಬಾರದು, ಮೀನನ್ನು ಬೇರೆ ಬಕೆಟ್ಟಿಗೆ ತೆಗೆದು ಚಿಕಿತ್ಸೆ ಕೊಡಬೇಕು.

ಪ್ಯೂರಿಫೈಯರಿನಲ್ಲಿ ತಾಮ್ರ ಇಲ್ಲದಿದ್ದರೂ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣ) ಅಳೆಯಿರಿ. ಮೀಟರ್ ಕೆಲವೇ ನೂರು ರೂಪಾಯಿ. ರುಚಿಗಾಗಿ ಖನಿಜ ಉಳಿಸುವ ಅಡುಗೆಮನೆಯ ಆರ್‌ಒಗಳಲ್ಲಿ 50, 80, 100 ಕೂಡ ಬರುತ್ತದೆ. ನಮಗೆ ಬೇಕಾದದ್ದು ಸೊನ್ನೆ. ಆರ್‌ಒ ಆದಮೇಲೆ ಒಂದು ಡಿಐ ರೆಸಿನ್ (ಉಳಿದ ಲವಣವನ್ನೂ ಹಿಡಿದುಕೊಳ್ಳುವ ಹರಳು) ಡಬ್ಬಿ ಜೋಡಿಸಿದರೆ ಅದು ಸಿಗುತ್ತದೆ. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರಿರುವ ಅಪಾರ್ಟ್‌ಮೆಂಟುಗಳಲ್ಲಿ ರೆಸಿನ್ ಬೇಗ ಮುಗಿಯುತ್ತದೆ. ಟಿಡಿಎಸ್ ಸೊನ್ನೆಯಿಂದ ಮೇಲೆದ್ದ ದಿನವೇ ಬದಲಾಯಿಸಿ. ನಲ್ಲಿಯ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದೂ ನೇರವಾಗಿ ಬೇಡ.

ಎರಡನೇ ಅನುಮಾನ ಸ್ಪ್ರೇ. ಜಿರಳೆ, ಸೊಳ್ಳೆಗೆ ಹೊಡೆಯುವ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಸೀಗಡಿ, ಏಡಿಗಳಿಗೆ ಅತಿ ಸಣ್ಣ ಪ್ರಮಾಣದಲ್ಲೂ ಮಾರಕ. ಹಿಂದಿನ ಒಂದೆರಡು ದಿನದಲ್ಲಿ ಮನೆಯಲ್ಲಿ ಪೆಸ್ಟ್ ಕಂಟ್ರೋಲ್ ಆಗಿದೆಯೇ, ಪೇಂಟ್ ಹೊಡೆಸಿದಿರಾ, ಮನೆಕೆಲಸಕ್ಕೆ ಬರುವವರು ಗಾಜಿನ ಮೇಲೆ ಕ್ಲೀನರ್ ಹೊಡೆದರೇ ಅಂತ ಮನೆಯವರನ್ನೆಲ್ಲ ಕೇಳಿ.

ಎರಡರಲ್ಲಿ ಯಾವುದಾದರೂ ಮೊದಲ ಕ್ರಮ ಒಂದೇ: ಮೂಲ ನಿಲ್ಲಿಸಿ, 25 ಶೇಕಡಾ ನೀರು ಬದಲಾಯಿಸಿ, ತೊಳೆದ ಆಕ್ಟಿವೇಟೆಡ್ ಕಾರ್ಬನ್ ಹಾಕಿ. ಮರುದಿನ ಮತ್ತೆ ಬದಲಾಯಿಸಿ. ತಾಮ್ರ ಕಲ್ಲು, ಮರಳಿನೊಳಗೂ ಸೇರಿಕೊಂಡು ಆಮೇಲೆ ಮೆಲ್ಲಗೆ ಹೊರಬರುತ್ತದೆ. ತಾಮ್ರದ ಟೆಸ್ಟ್ ಕಿಟ್ ಸೊನ್ನೆ ತೋರಿಸುವವರೆಗೆ ಹೊಸ ಸೀಗಡಿ ತರಬೇಡಿ.

ಮೀನು ಮೇಲೆ ಬಂದು ಏದುಸಿರು ಬಿಡುತ್ತಿದೆ, ನೀರು ಮಸುಕಾಗಿದೆ

ಇಲ್ಲಿ ಕಾಯಬೇಡಿ. ಮೊದಲು ಪಂಪ್ ಓಡುತ್ತಿದೆಯೇ ನೋಡಿ. ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ಕೆಲವು ಪಂಪುಗಳು ಮತ್ತೆ ಶುರುವಾಗುವುದಿಲ್ಲ. ಪಂಪ್ ನಿಂತಿದ್ದರೆ ಮಗ್‌ನಲ್ಲಿ ಟ್ಯಾಂಕ್ ನೀರು ತೆಗೆದು ಎತ್ತರದಿಂದ ಅದರೊಳಗೇ ಸುರಿಯುತ್ತಾ ಇರಿ, ಗಾಳಿ ಸೇರುತ್ತದೆ. ಇನ್ವರ್ಟರ್ ಇರುವ ಮನೆಯಲ್ಲಿ ಲೈಟ್, ಹೀಟರ್ ಬಿಟ್ಟು ಪಂಪನ್ನು ಮಾತ್ರ ಅದಕ್ಕೆ ಕೊಡಿ.

ಪಂಪ್ ಸರಿಯಿದ್ದರೆ ಅಮೋನಿಯ ಅಳೆಯಿರಿ. ಹಳೆಯ ಟ್ಯಾಂಕಿನಲ್ಲಿ ಅಮೋನಿಯ ಸ್ವಲ್ಪ ಕಂಡರೂ ಒಳಗೆ ಏನೋ ಸತ್ತು ಕೊಳೆಯುತ್ತಿದೆ. ಬಸವನಹುಳುಗಳನ್ನು ಒಂದೊಂದಾಗಿ ಎತ್ತಿ ಮೂಸಿ. ಸತ್ತದ್ದರ ವಾಸನೆ ತಪ್ಪುವುದೇ ಇಲ್ಲ. ಕಾಣದ ಮೀನು ಕಲ್ಲಿನ ಸಂದಿಯಲ್ಲಿರಬಹುದು. ಸತ್ತದ್ದನ್ನು ತೆಗೆದು, ಉಪ್ಪು ಮತ್ತು ಉಷ್ಣತೆ ಹೊಂದಿಸಿದ ನೀರಿನಿಂದ 30ರಿಂದ 50 ಶೇಕಡಾ ಬದಲಾಯಿಸಿ. ಒಂದೆರಡು ದಿನ ಊಟ ನಿಲ್ಲಿಸಿ. ಪಿಎಚ್ ಹೆಚ್ಚಾದಷ್ಟೂ ಅಮೋನಿಯದ ವಿಷ ಹೆಚ್ಚು, ಹಾಗಾಗಿ ಈ ಹೊತ್ತಿನಲ್ಲಿ ಪಿಎಚ್ ಏರಿಸುವ ಏನನ್ನೂ ಹಾಕಬೇಡಿ. ಹೊಸ ಟ್ಯಾಂಕಾದರೆ ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯಾ ಇನ್ನೂ ಬೆಳೆದಿಲ್ಲ ಅಂತ ಅರ್ಥ, ಅದಕ್ಕೆ 4ರಿಂದ 6 ವಾರ ಬೇಕು. ಅಷ್ಟರೊಳಗೆ ಹವಳ ತಂದಿದ್ದರೆ ಟ್ಯಾಂಕ್ ಹಳೆಯದಾಗಿರುವ ಸ್ನೇಹಿತರ ಮನೆಯಲ್ಲಿ ಬಿಟ್ಟಿರಿ.

ಹವಳ ಬಿಳಿಚಿಕೊಂಡಿದೆ

ಹತ್ತಿರ ಹೋಗಿ ನೋಡಿ. ಬಣ್ಣ ಹೋಗಿದ್ದರೂ ಮೈಯಿದೆ, ಮುಟ್ಟಿದರೆ ಒಳಕ್ಕೆ ಎಳೆದುಕೊಳ್ಳುತ್ತದೆ ಅಂದರೆ ಅದರೊಳಗೆ ವಾಸವಿದ್ದ ಪಾಚಿ ಹೊರಹೋಗಿದೆ, ಹವಳ ಬದುಕಿದೆ. ಮೈ ಕಳಚಿ ಬರೀ ಎಲುಬು ಕಾಣುತ್ತಿದ್ದರೆ ಆ ಭಾಗ ಸತ್ತಿದೆ.

ಬೇಸಿಗೆಯಲ್ಲಿ ಮೊದಲ ಕಾರಣ ಬಿಸಿ. ಮಧ್ಯಾಹ್ನ ಮೂರು ಗಂಟೆಗೆ ಅಳೆಯಿರಿ, ಬೆಳಿಗ್ಗೆಯದನ್ನು ನೋಡಿ ಸಮಾಧಾನಪಡಬೇಡಿ. 30 ದಾಟಿದರೆ ಅಪಾಯ. ನೀರಿನ ಮೇಲ್ಮೈಗೆ ಓರೆಯಾಗಿ ಸಣ್ಣ ಫ್ಯಾನ್ ಇಟ್ಟರೆ ಬೆಂಗಳೂರು, ಧಾರವಾಡದ ಒಣ ಹವೆಯಲ್ಲಿ 2ರಿಂದ 3 ಡಿಗ್ರಿ ಇಳಿಯುತ್ತದೆ. ಮಂಗಳೂರಿನ ಸೆಖೆಯಲ್ಲಿ ಅಷ್ಟು ಕೆಲಸ ಮಾಡುವುದಿಲ್ಲ. ಅಲ್ಲಿ ಚಿಲ್ಲರ್ ಇಲ್ಲವೇ ಎಸಿ ಕೋಣೆಯೇ ಗತಿ. ಐಸ್ ಕ್ಯೂಬ್ ನೇರವಾಗಿ ಹಾಕಬೇಡಿ, ಉಪ್ಪು ಮತ್ತು ಉಷ್ಣತೆ ಎರಡೂ ಒಟ್ಟಿಗೆ ಬೀಳುತ್ತವೆ.

ಬಿಸಿಯಿಲ್ಲ ಅಂದರೆ ಹೊಸ ಲೈಟ್ ಹಾಕಿದಿರಾ ನೆನಪು ಮಾಡಿಕೊಳ್ಳಿ. ಹಾಕಿದ್ದರೆ ಪ್ರಖರತೆ ಅರ್ಧಕ್ಕಿಳಿಸಿ ವಾರವಾರ ಏರಿಸಿ. ಅದೂ ಅಲ್ಲದಿದ್ದರೆ ನೈಟ್ರೇಟ್, ಫಾಸ್ಫೇಟ್ ನೋಡಿ. ಎರಡೂ ಸೊನ್ನೆ ಇದ್ದರೆ ಹವಳ ಹಸಿದಿದೆ. ನೀರು ಎಷ್ಟು ಶುದ್ಧವಿದ್ದರೆ ಅಷ್ಟು ಒಳ್ಳೆಯದು ಅಂತ ಅನಿಸುತ್ತದೆ ಅಲ್ವಾ? ಹವಳದ ವಿಷಯದಲ್ಲಿ ಹಾಗಲ್ಲ. ಮೀನಿಗೆ ಸ್ವಲ್ಪ ಜಾಸ್ತಿ ಊಟ ಕೊಡಿ, ಫಾಸ್ಫೇಟ್ ಹೀರುವ ಪುಡಿ ಹಾಕಿದ್ದರೆ ತೆಗೆಯಿರಿ.

ಕಲ್ಲು ಹವಳ ಬೆಳೆಯುತ್ತಿಲ್ಲ, ತುದಿ ಸುಟ್ಟಿದೆ, ಬುಡದಿಂದ ಸುಲಿಯುತ್ತಿದೆ

ಒಂದು ಮಾತು ಮೊದಲೇ ಹೇಳಬೇಕು. ನಮ್ಮ ಸಮುದ್ರದ ಕಲ್ಲು ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ನೇತ್ರಾಣಿಯಿಂದಾಗಲಿ, ಲಕ್ಷದ್ವೀಪದಿಂದಾಗಲಿ ಒಂದು ತುಂಡು ತಂದರೂ ಅಪರಾಧ. ಮಾರುವವರ ಹತ್ತಿರ ಕಾಗದಪತ್ರ ಕೇಳಿ, ಇಲ್ಲ ಅಂದರೆ ಬಿಟ್ಟು ಬನ್ನಿ.

ಕಲ್ಲು ಹವಳ ತನ್ನ ಎಲುಬು ಕಟ್ಟಲು ಕ್ಯಾಲ್ಸಿಯಂ ಮತ್ತು ಕಾರ್ಬೋನೇಟ್ ಎರಡನ್ನೂ ನೀರಿನಿಂದ ಎಳೆಯುತ್ತದೆ. ಕ್ಯಾಲ್ಸಿಯಂ ಸುಮಾರು 20 ಪಿಪಿಎಂ ಇಳಿಯುವಷ್ಟರಲ್ಲಿ ಆಲ್ಕಲಿನಿಟಿ 2.8 ಡಿಕೆಎಚ್ ಇಳಿದಿರುತ್ತದೆ. 420ರಲ್ಲಿ 20 ಹೋದರೆ ಏನೂ ಅನಿಸುವುದಿಲ್ಲ. 8ರಲ್ಲಿ 2.8 ಹೋದರೆ ಹವಳ ಕುಸಿಯುತ್ತದೆ. ಅದಕ್ಕೇ ಮೊದಲು ಆಲ್ಕಲಿನಿಟಿ ಅಳೆಯಿರಿ, ಕ್ಯಾಲ್ಸಿಯಂ ಆಮೇಲೆ.

ಮೂರು ದಿನ, ಪ್ರತಿದಿನ ಒಂದೇ ಹೊತ್ತಿಗೆ, ನೀರು ಬದಲಾಯಿಸದೆ ಅಳೆದು ಬರೆದಿಡಿ. ಕಿಟ್ಟಿನ ಸಿರಿಂಜಿನಲ್ಲಿ ಗುಳ್ಳೆ ಇರಬಾರದು, ಹನಿ ಬಾಟಲಿ ನೆಟ್ಟಗಿರಬೇಕು, ರಾಸಾಯನಿಕದ ಅವಧಿ ಮುಗಿದಿರಬಾರದು. 8.2, 7.7, 7.2 ಅಂತ ಬಂದರೆ ದಿನಕ್ಕೆ ಅರ್ಧ ಡಿಕೆಎಚ್ ಖರ್ಚು. 8.2, 8.1, 8.1 ಅಂತ ಬಂದರೆ ಏನೂ ಹಾಕುವ ಅಗತ್ಯವಿಲ್ಲ, ವಾರಕ್ಕೆ 10ರಿಂದ 15 ಶೇಕಡಾ ನೀರು ಬದಲಾಯಿಸಿದರೆ ಸಾಕು. ಬರೀ ಮೃದು ಹವಳ ಇರುವ ಟ್ಯಾಂಕುಗಳು ಹೆಚ್ಚಾಗಿ ಈ ಗುಂಪಿನವು.

ಏರಿಸಬೇಕಾದರೆ ಶುದ್ಧ ಅಡುಗೆ ಸೋಡಾ ಸಾಕು. 50 ಲೀಟರ್ ನೀರಿನಲ್ಲಿ 1 ಡಿಕೆಎಚ್ ಏರಲು ಸುಮಾರು 1.5 ಗ್ರಾಂ ಬೇಕು. ಕಲ್ಲು, ಮರಳು ತುಂಬಿದ 60 ಲೀಟರಿನ ಟ್ಯಾಂಕಿನಲ್ಲಿ ನಿಜವಾದ ನೀರು ಇಷ್ಟೇ ಇರುತ್ತದೆ. ಚಮಚದ ಲೆಕ್ಕ ಬೇಡ, ಸಣ್ಣ ತಕ್ಕಡಿಯಲ್ಲಿ ತೂಗಿ. ಒಂದು ಲೋಟ ಶುದ್ಧ ನೀರಿನಲ್ಲಿ ಕರಗಿಸಿ, ಪಂಪಿನ ನೀರು ಹೊಡೆಯುವ ಕಡೆ ನಿಧಾನವಾಗಿ ಸುರಿಯಿರಿ. ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ. ಬೇಕಿಂಗ್ ಪೌಡರ್ ಬೇರೆ, ವಾಷಿಂಗ್ ಸೋಡಾ ಬೇರೆ, ಡಬ್ಬಿ ಓದಿ ತನ್ನಿ. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಬಳಸಬಹುದೇ ಅಂತ ಕೇಳುವವರಿದ್ದಾರೆ. ಶುದ್ಧ ಸುಣ್ಣದ ತಿಳಿನೀರನ್ನು ಬಳಸುವ ಪದ್ಧತಿ ಇದೆ ನಿಜ, ಆದರೆ ಅದು ಚರ್ಮ, ಕಣ್ಣು ಸುಡುವಷ್ಟು ಖಾರ. ಅಂಗಡಿಯ ಸುಣ್ಣದಲ್ಲಿ ಬೇರೇನು ಬೆರೆತಿದೆಯೋ ಹೇಳಲಾಗದು. ಸಣ್ಣ ಟ್ಯಾಂಕಿಗೆ ನಾನು ಅದನ್ನು ಹೇಳುವುದಿಲ್ಲ.

ತುದಿ ಸುಟ್ಟು ಬೆಳ್ಳಗಾಗಿದ್ದು, ಆಲ್ಕಲಿನಿಟಿ 10-11 ಇದ್ದು, ನೈಟ್ರೇಟ್ ಸೊನ್ನೆ ಇದ್ದರೆ ಉಲ್ಟಾ ತೊಂದರೆ. ಹಾಕುತ್ತಿರುವುದನ್ನು ನಿಲ್ಲಿಸಿ, ತಾನಾಗಿಯೇ ಇಳಿಯಲು ಬಿಡಿ. ಇಳಿಸಲು ಆಮ್ಲ, ವಿನೆಗರ್, ನಿಂಬೆರಸ ಯಾವುದೂ ಬೇಡ.

ಹೀಟರಿನ ಮೇಲೆ ಬಿಳಿ ಪದರ, ಇಲ್ಲವೇ ಹಾಕಿದ ಕೂಡಲೇ ನೀರು ಬೆಳ್ಳಗೆ

ಕ್ಯಾಲ್ಸಿಯಂ ಮತ್ತು ಕಾರ್ಬೋನೇಟ್ ಹವಳಕ್ಕೆ ಸಿಗುವ ಮೊದಲೇ ಒಂದಕ್ಕೊಂದು ಸೇರಿ ಕಲ್ಲಾಗುತ್ತಿವೆ. ಎರಡನ್ನೂ ಒಟ್ಟಿಗೆ ಹಾಕಿದಿರಾ? ನಡುವೆ ಅರ್ಧ ಗಂಟೆಯಾದರೂ ಬಿಡಿ. ಎಷ್ಟು ಹಾಕಿದರೂ ಎರಡೂ ನಿಲ್ಲುತ್ತಿಲ್ಲವಾದರೆ ಮೆಗ್ನೀಸಿಯಂ ಅಳೆಯಿರಿ. 1200ಕ್ಕಿಂತ ಕೆಳಗಿದ್ದರೆ ಅದನ್ನು ಮೊದಲು ಸರಿಮಾಡಿ. ಪದರ ಕಟ್ಟಿದ ಪಂಪನ್ನು ಹೊರಗೆ ತೆಗೆದು ವಿನೆಗರ್ ನೀರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು ಹಾಕಿ.

ಪಿಎಚ್ ಯಾವಾಗಲೂ ಕಡಿಮೆ

ಆಲ್ಕಲಿನಿಟಿ ಸರಿಯಿದ್ದು ಪಿಎಚ್ ಮಾತ್ರ 7.8ಕ್ಕಿಂತ ಕಡಿಮೆ ಇದ್ದರೆ ಕೋಣೆಯ ಗಾಳಿಯನ್ನು ಅನುಮಾನಿಸಿ. ಒಂದು ಲೋಟ ಟ್ಯಾಂಕ್ ನೀರನ್ನು ಬಾಲ್ಕನಿಯಲ್ಲಿಟ್ಟು ಏರ್ ಪಂಪಿನಿಂದ ಒಂದು ಗಂಟೆ ಗಾಳಿ ಬಿಟ್ಟು ಮತ್ತೆ ಅಳೆಯಿರಿ. ಪಿಎಚ್ ಏರಿದರೆ ಮುಚ್ಚಿದ ಕೋಣೆಯಲ್ಲಿ ಸೇರಿಕೊಂಡ ಇಂಗಾಲದ ಡೈಆಕ್ಸೈಡೇ ಕಾರಣ. ಎಸಿ ಹಾಕಿ ಬಾಗಿಲು ಮುಚ್ಚಿ ಮಲಗುವ ಕೋಣೆಗಳಲ್ಲಿ ಇದು ಸಾಮಾನ್ಯ. ಕಿಟಕಿ ತೆರೆಯಿರಿ, ಅಷ್ಟೇ. ಪಿಎಚ್ ಏರಿಸುವ ಪುಡಿ ಹಾಕಿದರೆ ಆಲ್ಕಲಿನಿಟಿ ಹಾರಿಹೋಗುತ್ತದೆ.

ಪಾಚಿ

ಹೊಸ ಟ್ಯಾಂಕಿನ ಕಂದು ಪುಡಿ ತಾನಾಗಿಯೇ ಹೋಗುತ್ತದೆ. ಉದ್ದ ಹಸಿರು ಎಳೆಗಳಿದ್ದರೆ ಊಟ ಜಾಸ್ತಿಯಾಗಿದೆ. ಕಿಟ್ ಸೊನ್ನೆ ತೋರಿಸಿದರೂ ನಂಬಬೇಡಿ, ಫಾಸ್ಫೇಟನ್ನೆಲ್ಲ ಆ ಪಾಚಿಯೇ ಹೀರಿರುತ್ತದೆ. ಕೈಯಿಂದ ಕಿತ್ತು ತೆಗೆಯುವುದೇ ಒಳ್ಳೆಯ ದಾರಿ. ಕಂದು ಲೋಳೆ, ಅದರಲ್ಲಿ ಗುಳ್ಳೆ, ರಾತ್ರಿ ಕಡಿಮೆಯಾಗಿ ಹಗಲು ಮತ್ತೆ ಕಂಡರೆ ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ ಇರಬಹುದು. ಅದು ನೈಟ್ರೇಟ್, ಫಾಸ್ಫೇಟ್ ಸೊನ್ನೆಯಾದ ಟ್ಯಾಂಕಿನಲ್ಲೇ ಹೆಚ್ಚು. ಅಲ್ಲಿ ಇನ್ನಷ್ಟು ನೀರು ಬದಲಾಯಿಸಿದರೆ ಹೆಚ್ಚಾಗುತ್ತದೆ.

ನಿಲ್ಲಿಸಿ, ಸಹಾಯ ಕೇಳಬೇಕಾದ ಹೊತ್ತು

ಜೊಯಾಂಥಿಡ್, ಪಾಲಿಥೋವಾ ಅನ್ನುವ ಗುಂಡಿ (ಬಟನ್) ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ಕಡು ವಿಷ ಇರಬಹುದು. ಅವು ಅಂಟಿರುವ ಕಲ್ಲನ್ನು ಕುದಿಸಬೇಡಿ, ಬಿಸಿನೀರು ಹುಯ್ಯಬೇಡಿ, ಹೊರಗೆ ತೆಗೆದು ಬ್ರಷ್‌ನಿಂದ ಉಜ್ಜಬೇಡಿ. ಆವಿಯಲ್ಲಿ ಬಂದ ವಿಷ ಮನೆಯವರನ್ನೆಲ್ಲ ಆಸ್ಪತ್ರೆಗೆ ಸೇರಿಸಬಲ್ಲದು. ಕತ್ತರಿಸಬೇಕಾದರೆ ಗ್ಲೌಸ್, ಕನ್ನಡಕ ಎರಡೂ ಬೇಕು. ಅವನ್ನು ಮುಟ್ಟಿದ ಮೇಲೆ ಬಾಯಲ್ಲಿ ಲೋಹದ ರುಚಿ, ಜ್ವರ, ಮೈಕೈ ನೋವು, ಉಸಿರಾಟದ ತೊಂದರೆ, ಕಣ್ಣುರಿ ಕಂಡರೆ 108ಕ್ಕೆ ಕರೆ ಮಾಡಿ. ವೈದ್ಯರಿಗೆ ಹವಳದ ವಿಷ ತಗುಲಿರಬಹುದು ಅಂತ ಸ್ಪಷ್ಟವಾಗಿ ಹೇಳಿ. ಟ್ಯಾಂಕಿನಲ್ಲಿ ಕೈಯಾಡಿಸಿದ ಮೇಲೆ ವಾರಗಟ್ಟಲೆ ಮಾಯದ ಗಂಟು, ಹುಣ್ಣು ಬೆರಳಿನಲ್ಲಿ ಎದ್ದರೂ ಚರ್ಮದ ವೈದ್ಯರಿಗೆ ಉಪ್ಪುನೀರಿನ ಟ್ಯಾಂಕ್ ಇರುವ ವಿಷಯ ಹೇಳಿ. ಮೈಕೋಬ್ಯಾಕ್ಟೀರಿಯಂ ಮರೈನಮ್ ಅನ್ನುವ ಸೋಂಕು ಹಾಗೆ ಬರುತ್ತದೆ.

ಟ್ಯಾಂಕಿನ ವಿಷಯಕ್ಕೆ ಬಂದರೆ, ಒಂದೇ ದಿನದಲ್ಲಿ ಎರಡಕ್ಕಿಂತ ಹೆಚ್ಚು ಹವಳ ಮೈ ಕಳಚುತ್ತಿದ್ದರೆ ಹಾಕುತ್ತಿರುವುದನ್ನೆಲ್ಲ ನಿಲ್ಲಿಸಿ. ಮರಳು ಕೆದಕಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಇನ್ನಷ್ಟು ಕೆದಕಬೇಡಿ. ಅನುಭವ ಇರುವವರ ಹತ್ತಿರ ಹೋಗುವಾಗ ಟ್ಯಾಂಕಿನ ನೀರನ್ನು ಸೋಪು ತಾಗದ ಬಾಟಲಿಯಲ್ಲಿ, ಗಾಳಿ ಉಳಿಯದಂತೆ ಬಾಯಿವರೆಗೂ ತುಂಬಿ ಒಯ್ಯಿರಿ. ಇನ್ನೊಂದು ಬಾಟಲಿಯಲ್ಲಿ ನೀವು ದಿನಾ ಸೇರಿಸುವ ಸಿಹಿನೀರನ್ನು, ಜೊತೆಗೆ ನೀವು ಬರೆದಿಟ್ಟ ಅಂಕಿಗಳ ಚೀಟಿಯನ್ನೂ ತೆಗೆದುಕೊಂಡು ಹೋಗಿ.